ಹಿಮ್ಮಡಿಯ ಒಂದು ಹನಿ

ಹೊಲಿಗೆ ಅಂಗಡಿಯ ಅಜ್ಜಿಗೆ ಮೊಮ್ಮಗಳು ಹುಟ್ಟಿ ಒಂಬತ್ತು ದಿನವಾಗಿತ್ತು. ಬಂದವರಿಗೆಲ್ಲ ಅವಳು ಹೇಳುವುದು ಒಂದೇ ಮಾತು: "ನಮ್ಮ ಪುಟ್ಟಿ ಅಳೋದೇ ಇಲ್ಲ. ಮಲಗಿಸಿದ್ರೆ ಮಲಗಿದಲ್ಲೇ. ಚಿನ್ನದಂಥ ಕೂಸು."

ಪಕ್ಕದಲ್ಲೇ ಹೊಲಿಗೆ ಯಂತ್ರ ಗಡಗಡ ಎಂದರೂ ಮಗುವಿಗೆ ಎಚ್ಚರವಿಲ್ಲ. ಅಳದ ಮಗು ಯಾರಿಗೆ ತಾನೇ ಬೇಡ? ಸೊಸೆಗೆ ಮಾತ್ರ ಒಳಗೊಳಗೇ ಅಳುಕು. ಹಾಲು ಕುಡಿಸಲಿಕ್ಕೂ ಅಂಗಾಲು ತಟ್ಟಿ ಎಬ್ಬಿಸಬೇಕಿತ್ತು.

ನಾನು ಆ ಬೀದಿಯ ನರ್ಸು. ಬಾಣಂತಿಯನ್ನು ವಿಚಾರಿಸಲು ಹೋದಾಗ ಮಗುವಿನ ಕಣ್ಣಲ್ಲಿ ಇನ್ನೂ ಹಳದಿ ಕಂಡಿತು. "ಹಿಮ್ಮಡಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆಯೋ ಪರೀಕ್ಷೆ ಆಯ್ತಾ?" ಎಂದೆ.

ಆಗಿರಲಿಲ್ಲ. ಆಸ್ಪತ್ರೆಯಲ್ಲಿ ಅಜ್ಜಿಯೇ ಅಡ್ಡ ನಿಂತಿದ್ದಳಂತೆ. "ನಲವತ್ತು ವರ್ಷ ಈ ಬೆರಳಿಗೆ ಸೂಜಿ ಚುಚ್ಚಿಸ್ಕೊಂಡಿದೀನಿ. ಅದರ ಉರಿ ನಂಗೊತ್ತು. ಮೂರು ದಿನದ ಕೂಸಿಗೆ ಬೇಡ ಅಂದೆ."

ಪ್ರೀತಿಯಿಂದ ಮಾಡಿದರೂ ತಪ್ಪು ತಪ್ಪೇ. ಆದರೆ ಬೈಯಲು ನನಗೆ ಮನಸ್ಸು ಬರಲಿಲ್ಲ.

"ಅಜ್ಜಿ, ಕುತ್ತಿಗೇಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ. ಅದರ ಹಾರ್ಮೋನು ಕಡಿಮೆಯಾದ್ರೆ ಮಗು ಹೀಗೆ ಮಂಕಾಗಿರಬಹುದು, ಕಣ್ಣಿನ ಹಳದಿನೂ ಬೇಗ ಹೋಗದೆ ಇರಬಹುದು. ಮಿದುಳಲ್ಲಿ ಕಾಂಡಕೋಶ ಅಂತ ಇರ್ತವೆ, ಇನ್ನೂ ಏನಾಗ್ಬೇಕು ಅಂತ ತೀರ್ಮಾನ ಆಗದವು. ನೀನು ನರಕೋಶ ಆಗು, ಬೆಳಿ, ಪಕ್ಕದ ಕೋಶದ ಕೈ ಹಿಡಿ ಅಂತ ಹೇಳೋದ್ರಲ್ಲಿ ಈ ಹಾರ್ಮೋನಿನ ಪಾಲೂ ಇದೆ. ಹೊಟ್ಟೇಲಿದ್ದಾಗ ಅಮ್ಮನಿಂದ ಸ್ವಲ್ಪ ಸಿಕ್ತಿತ್ತು. ಈಗ ಮಗುವೇ ಮಾಡ್ಕೋಬೇಕು."

ಅಜ್ಜಿ ಕತ್ತರಿ ಕೆಳಗಿಟ್ಟಳು. "ಬಟ್ಟೆ ಇದೆ, ಅಳತೆ ಚೀಟಿ ಬಂದಿಲ್ಲ. ತೋಳು ಯಾವುದು, ಕಾಲರ್ ಯಾವುದು ಗೊತ್ತಾಗ್ದೆ ಹಾಗೇ ಬಿದ್ದಿದೆ. ಹಾಗಾ?"

"ಹೆಚ್ಚುಕಡಿಮೆ ಹಾಗೇ. ತಡವಾದ್ರೆ ಬುದ್ಧಿ ಹಿಂದೆ ಬೀಳತ್ತೆ, ಆಮೇಲೆ ಔಷಧಿ ಕೊಟ್ರೂ ಪೂರ್ತಿ ಸರಿಹೋಗಲ್ಲ. ಎರಡು ವಾರದೊಳಗೆ ಶುರು ಮಾಡಿದ್ರೆ ಹೆಚ್ಚಿನ ಮಕ್ಕಳು ಎಲ್ಲರ ಹಾಗೇ ಬೆಳೀತಾರೆ. ದಿನಕ್ಕೊಂದು ಚಿಕ್ಕ ಮಾತ್ರೆ, ಅಷ್ಟೇ."

"ಇನ್ನು ಐದು ದಿನ ಇದೆ," ಎಂದಳು ಸೊಸೆ. ಅವಳ ಕಣ್ಣು ತುಂಬಿತ್ತು. "ಅತ್ತೆ, ನಂಗೆ ಇವಳು ಅಳೋದು ಬೇಕು."

ಅಜ್ಜಿ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟಳು. ಅರ್ಧ ಹೊಲಿದ ಅಂಗಿ ಯಂತ್ರದ ಮೇಲೆಯೇ ಉಳಿಯಿತು.

ಪರೀಕ್ಷೆಯಲ್ಲಿ ಹಾರ್ಮೋನು ಕಡಿಮೆ ಎಂದೇ ಬಂತು. ಹನ್ನೊಂದನೇ ದಿನ ಮಾತ್ರೆ ಶುರುವಾಯಿತು. ವೈದ್ಯರು ಹೇಳಿದಂತೆ ಪುಡಿಮಾಡಿ, ಎದೆಹಾಲಿನ ಎರಡು ಹನಿಯಲ್ಲಿ ಕಲಸಿ ಅಜ್ಜಿಯೇ ಕೊಡುತ್ತಿದ್ದಳು. ತಿಂಗಳಾಗುವುದರೊಳಗೆ ಹಸಿವಾದರೆ ಪುಟ್ಟಿ ಬೀದಿಗೆಲ್ಲ ಕೇಳುವಂತೆ ಅಳತೊಡಗಿದಳು. ಸೊಸೆ ನಗುತ್ತಾ ಎತ್ತಿಕೊಳ್ಳುತ್ತಿದ್ದಳು.

ಈ ಕಥೆ ಬರೆಯಲೇ ಎಂದು ಕೇಳಿದಾಗ ಅಜ್ಜಿ ಹೇಳಿದಳು: "ಬರಿ. ನಾನು ಅಡ್ಡ ನಿಂತಿದ್ದೆ ಅನ್ನೋದನ್ನ ಮುಚ್ಚಿಡಬೇಡ. ನಾಚಿಕೆ ನಂಗಾಗಲಿ, ನಷ್ಟ ಇನ್ನೊಂದು ಮಗುಗೆ ಆಗೋದು ಬೇಡ."

ಅದಕ್ಕೇ ಬರೆದೆ. ನಿಮ್ಮ ಮನೆಯಲ್ಲಿ ಮಗು ಹುಟ್ಟಿದರೆ, ಹಿಮ್ಮಡಿಯ ರಕ್ತ ಪರೀಕ್ಷೆ ಆಯಿತೇ, ಫಲಿತಾಂಶ ಏನು ಬಂತು ಎಂದು ನೀವೇ ಬಾಯಿ ಬಿಟ್ಟು ಕೇಳಿ. ಆಗಿಲ್ಲವಾದರೆ, ದಿನ ಕಳೆಯಿತಲ್ಲ ಎಂದು ಕೂರಬೇಡಿ. ಮಗುವನ್ನು ಎತ್ತಿಕೊಂಡು ಇವತ್ತೇ ಆಸ್ಪತ್ರೆಗೆ ಹೊರಡಿ.