ಪರದೆಯ ಮೇಲಿನ ಕಂಬಳಿ

ಹಗರಿಬೊಮ್ಮನಹಳ್ಳಿಯ ಕಲ್ಯಾಣ ಮಂಟಪದಲ್ಲಿ, ಕಂಪ್ಯೂಟರಿಗೆ ಕನ್ನಡದ ರೂಪ ಕೊಟ್ಟನೆಂದು ಗುರುಬಸವರಾಜನಿಗೆ ಸನ್ಮಾನ ನಡೆಯುತ್ತಿತ್ತು. ಶಾಲು ಹೊದಿಸಿದ್ದಾಯಿತು, ಹಾರ ಹಾಕಿದ್ದಾಯಿತು. ಅವನ ಬೆನ್ನ ಹಿಂದಿನ ದೊಡ್ಡ ಪರದೆಯ ಮೇಲೆ ಕಂಪ್ಯೂಟರಿನ ಮುಖಪುಟವೊಂದು ಬೆಳಗುತ್ತಿತ್ತು. ಹಿನ್ನೆಲೆಗೆ ಕರಿ ಕಂಬಳಿಯ ಚಿತ್ರ. ಕಂಬಳಿಯ ಅಂಚಿಗೆ ಬಿಳಿ ಪಟ್ಟಿ, ಆ ಪಟ್ಟಿಯಲ್ಲಿ ಒಂದು ಕಡೆ ಮಾತ್ರ ಕಂದು ಎಳೆ. ಎಡಗಡೆ ಸಾಲಾಗಿ ಪುಟ್ಟ ಚಿತ್ರಗಳು: ಕಡತಗಳಿಗೆ ಬುತ್ತಿಗಂಟು, ಬೇಡವಾದದ್ದನ್ನು ಎಸೆಯಲು ಈಚಲ ಬುಟ್ಟಿ, ಹುಡುಕುವುದಕ್ಕೆ ಕಂದೀಲು. ಎಲ್ಲದರ ಕೆಳಗೂ ಕನ್ನಡದಲ್ಲಿ ಹೆಸರು.

ಗುರುಬಸವರಾಜ ಮೈಕು ಹಿಡಿದ.

"ಇದು ನಮ್ಮಜ್ಜಿ ಕೈಯಾರ ನೂತ ಉಣ್ಣಿ ಕಂಬಳಿ. ಸಣ್ಣಾವ ಇದ್ದಾಗ ಇದನ್ನ ಹೊದ್ಕಂಡಾ ಮಲಗ್ತಿದ್ದೆ. ಆ ಕಂದು ಎಳಿ ಐತಲ್ಲ, ಅದು ಆಕಿ ಗುರುತು. ಕಂಪ್ಯೂಟರ್ ತೆರದಾಗೆಲ್ಲ ನಮ್ಮಜ್ಜಿ ನೆನಪಾಗ್ಲಿ ಅಂತ ನಾನಾ ಕುಂತು ಎಲ್ಲಾ ಮಾಡೀನಿ."

ಜನ ಚಪ್ಪಾಳೆ ತಟ್ಟಿದರು. ಮೂರನೆಯ ಸಾಲಿನಲ್ಲಿ ಕುಳಿತಿದ್ದ ಪಂಪಮ್ಮನ ಕೈಗಳು ಮಡಿಲಲ್ಲೇ ಉಳಿದವು. ಆ ಕಂಬಳಿಯ ಉಣ್ಣೆ ನೂತವಳು ಅವಳ ತಾಯಿ ಗಾದೆಮ್ಮ. ನೇಯ್ದವನು ತೀರಿಹೋದ ತಂದೆ ಚೌಡಣ್ಣ. ಪರದೆಯ ಮೇಲಿದ್ದ ಒಂದೊಂದು ಚಿತ್ರವನ್ನೂ ಬರೆದವಳು ಪಂಪಮ್ಮ.

ಅವಳು ಕೂಡ್ಲಿಗಿ ಕಡೆಯ ಹಳ್ಳಿಯವಳು, ಕುರಿ ಸಾಕುವ ಮನೆಯ ಮಗಳು. ಡಿಪ್ಲೊಮಾ ಮುಗಿಸಿ, ಕೊಟ್ಟೂರಿನಲ್ಲಿದ್ದ ಗುರುಬಸವರಾಜನ ಕಂಪ್ಯೂಟರ್ ಕೇಂದ್ರಕ್ಕೆ ಕಲಿಸುವ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಸುತ್ತಲ ಶಾಲೆಗಳು, ಸಂಘಗಳು ಮೂಲೆಗೆ ಹಾಕಿದ್ದ ಹಳೆಯ ಯಂತ್ರಗಳನ್ನು ರಿಪೇರಿ ಮಾಡಿ ನೋಡಿಕೊಳ್ಳುವುದೂ ಆ ಕೇಂದ್ರದ ಕೆಲಸ. ಹೊಸ ವಿಂಡೋಸ್ ಅವುಗಳಿಗೆ ಭಾರವಾಗುತ್ತಿತ್ತು. ಪಂಪಮ್ಮ ಅದರ ಬದಲು ಲಿನಕ್ಸ್ ಹಾಕಿ ನೋಡಿದಳು. ಇದನ್ನು ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು ಎಂಬುದನ್ನು ಅವಳಿಗೆ ಮೊದಲು ನಂಬಲಾಗಲಿಲ್ಲ. ನಂಬಿಕೆ ಬಂದ ಮೇಲೆ ಬಿಡಲಾಗಲಿಲ್ಲ.

ಬಣ್ಣ ಬದಲಿಸಿದಳು. ಕೆಳಗಿದ್ದ ಪಟ್ಟಿಯನ್ನು ಎಡಕ್ಕೆ ತಂದಳು. ಕನ್ನಡ ಹಾಕಿದಾಗ ಕಿಟಕಿಗಳ ತಲೆಬರಹದಲ್ಲಿ ಒತ್ತಕ್ಷರಗಳು ಕತ್ತರಿಸಿ ಹೋಗುತ್ತಿದ್ದವು. 'ಅಕ್ಕ' ಎಂದು ಬರೆದರೆ 'ಅಕ' ಎಂದು ಕಾಣುತ್ತಿತ್ತು. ಇಂಗ್ಲಿಷ್ ಅಕ್ಷರಗಳ ಅಳತೆಗೆ ಮಾಡಿದ ಜಾಗ ಅದು. ಪರದೆಯ ರೂಪವನ್ನು ಬರೆದಿಟ್ಟ ಥೀಮಿನ ಕಡತ ತೆರೆದು, ಅಕ್ಷರದ ಗಾತ್ರಕ್ಕೆ ತಕ್ಕ ಎತ್ತರ ಕೊಟ್ಟು, ಒತ್ತುಗಳು ಪೂರ್ತಿ ಕಾಣುವಂತೆ ಮಾಡಲು ಅವಳಿಗೆ ಹದಿನೇಳು ದಿನ ಹಿಡಿಯಿತು. ಕೊನೆಗೆ ಊರಿಗೆ ಹೋದಾಗ ಕಂಬಳಿಯನ್ನು ಅಂಗಳದ ಬಿಸಿಲಿಗೆ ಹರವಿ ಫೋಟೊ ತೆಗೆದಳು. 'ಈ ರೂಪದ ಬಗ್ಗೆ' ಎಂಬ ಸಣ್ಣ ಕಿಟಕಿಯಲ್ಲಿ ಮೂರು ಹೆಸರು ಬರೆದಳು: ನೂತವರು ಗಾದೆಮ್ಮ, ನೇಯ್ದವರು ಚೌಡಣ್ಣ, ಬರೆದವರು ಪಂಪಮ್ಮ.

ಸನ್ಮಾನ ಮುಗಿದು ಜನ ಊಟಕ್ಕೆ ಎದ್ದರು. ಅವಳು ವೇದಿಕೆ ಹತ್ತಿ, ಅಲ್ಲಿದ್ದ ಲ್ಯಾಪ್‌ಟಾಪಿನಲ್ಲಿ ಆ ಕಿಟಕಿ ತೆರೆದಳು. ಮೂರು ಹೆಸರಿದ್ದ ಜಾಗದಲ್ಲಿ ಒಂದೇ ಹೆಸರಿತ್ತು. ಗುರುಬಸವರಾಜ.

ಊಟ ಮಾಡದೆ ಅವಳು ಊರಿನ ಬಸ್ಸು ಹತ್ತಿದಳು. ಗಾದೆಮ್ಮ ಹಟ್ಟಿಯ ಮುಂದೆ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಪಂಪಮ್ಮ ಭಾಷಣದ ವಿಡಿಯೊ ತೋರಿಸಿದಳು. ಮುದುಕಿ ಎರಡು ಸಲ ಹಾಕಿಸಿಕೊಂಡು ಕೇಳಿದಳು.

"ಕಂದು ಎಳಿ ಅವರಜ್ಜಿ ಗುರುತಂತಾ?" ಎಂದಳು. "ಬಿಳಿ ಉಣ್ಣಿ ಸಾಲ್ಲಿಲ್ಲ ಅವಾಗ. ನೀನು ಹೊಟ್ಯಾಗ ಇದ್ದಿ. ನಿಮ್ಮಪ್ಪ ಬೈಕಂತ ಬೈಕಂತ ಇದ್ದದ್ದಾ ಸೇರ್ಸಿ ನೇದ. ಇವರ ಮನ್ಯಾಗ ಯಾರು ಕುರಿ ಮುಟ್ಯಾರಲೇ?"

"ಯಾರೂ ಇಲ್ಲವ್ವ. ಅಂಗಡಿ ಮಂದಿ ಅವರು."

"ನಿಂದು ತಗಂಡ, ಹೋಗ್ಲಿ. ಸತ್ತಾವಂದೂ ತಗಂಡನಲ್ಲ." ಗಾದೆಮ್ಮ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು. "ಸುಮ್ನ ಬಿಡಬ್ಯಾಡ ಪಂಪಿ ಅವನ್ನ."

ಮರುದಿನ ಪಂಪಮ್ಮ ಕೇಂದ್ರಕ್ಕೆ ಹೋಗಿ ನೇರವಾಗಿ ಕೇಳಿದಳು. ಗುರುಬಸವರಾಜನಿಗೆ ಮುಜುಗರವೇನೂ ಆಗಲಿಲ್ಲ.

"ಬಣ್ಣ ಬಳದಾವನ ಹೆಸರು ಮನಿ ಬಾಗಲಿಗೆ ಹಾಕ್ತಾರೇನು ಪಂಪಮ್ಮ? ಯಜಮಾನಂದು ಹಾಕ್ತಾರ."

"ನನ್ನ ಹೆಸರು ಅತ್ಲಾಗ ಇರ್ಲಿ ಸರ್. ಕಂಬಳಿ ನಿಮ್ಮಜ್ಜಿದು ಅಂತ ಯಾಕ ಹೇಳಿದ್ರಿ?"

"ಕುರಿ ಕಾಯೋರ ಕಂಬಳಿ ಅಂದ್ರ ಯಾರು ಚಪ್ಪಾಳಿ ಹೊಡಿತಾರ? ನೀನಾ ಹೇಳಿದ್ದಿಲ್ಲ, ಇದು ಎಲ್ಲಾರದು, ಯಾರಾರ ತಗಬೌದು ಅಂತ? ನಾನು ತಗಂಡೀನಿ."

"ತಗಳ್ಳಾಕ ಬರ್ತೈತಿ ಸರ್. ಮಾಡಿದವರ ಹೆಸರು ಅಳಸಾಕ ಬರಂಗಿಲ್ಲ."

"ಹೋಗು, ಕೇಸು ಹಾಕು ಹಂಗಾದ್ರ," ಎಂದು ಅವನು ನಕ್ಕ. ಪಕ್ಕದ ಮೇಜಿನಲ್ಲಿ ಕೂತಿದ್ದ ಅರುಣಕುಮಾರ್, ಹತ್ತು ವರ್ಷದಿಂದ ಅಲ್ಲೇ ದುಡಿಯುತ್ತಿದ್ದ ನಲವತ್ತೈದರ ಮನುಷ್ಯ, ಕೀಲಿಮಣೆಯಿಂದ ಕಣ್ಣೆತ್ತಲಿಲ್ಲ. ಪಂಪಮ್ಮ ತನ್ನ ಚೀಲ ತೆಗೆದುಕೊಂಡು ಹೊರಟಳು.

ಐದು ತಾಲ್ಲೂಕುಗಳಲ್ಲಿ ಕೇಂದ್ರ ನೋಡಿಕೊಳ್ಳುತ್ತಿದ್ದ ಜಾಗಗಳು ಇಪ್ಪತ್ತಮೂರು. ಅಲ್ಲಿನ ಯಂತ್ರಗಳೆಲ್ಲ ಹೊಸ ಬದಲಾವಣೆಗಳನ್ನು ಒಂದೇ ಕಡೆಯಿಂದ ಎಳೆದುಕೊಳ್ಳುವಂತೆ ಮಾಡಿದವಳು ಪಂಪಮ್ಮನೇ. ಅದರ ಪಾಸ್‌ವರ್ಡನ್ನು ಗುರುಬಸವರಾಜ ಬದಲಿಸಿರಲಿಲ್ಲ. ಬದಲಿಸುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಆ ಮಧ್ಯಾಹ್ನ ಅವಳು ಮನೆಯಲ್ಲಿ ಕೂತು ಎರಡು ಸಾಲು ಬರೆದಳು. ಒಂದು ಗುಂಡಿ ಒತ್ತಿದರೆ ಎಲ್ಲ ಪರದೆಗಳೂ ಕಪ್ಪಾಗಿ ನಿಲ್ಲುತ್ತಿದ್ದವು. ಬೆರಳು ಗುಂಡಿಯ ಮೇಲೆಯೇ ಇತ್ತು.

ಆಮೇಲೆ ಅವಳು ಯೋಚಿಸಿದಳು. ಯಂತ್ರ ಕೆಟ್ಟರೆ ಜನ ಅವನಿಗೆ ಅಯ್ಯೋ ಪಾಪ ಎನ್ನುತ್ತಾರೆ. ಹಾಳು ಮಾಡಿದವಳು ಎಂಬ ಹೆಸರು ತನಗೆ ಬರುತ್ತದೆ. ಅವನಿಗೆ ಕನಿಕರದ ಒಂದು ಹನಿಯೂ ಸಿಗಬಾರದು. ಅವನು ಬೇಕಾಗಿಯೇ ಇಲ್ಲ ಎಂದು ಜನರೇ ಹೇಳಬೇಕು. ಆ ಎರಡು ಸಾಲು ಅಳಿಸಿ ಅವಳು ಇಪ್ಪತ್ತಮೂರು ಊರುಗಳ ಪಟ್ಟಿ ಬರೆದಳು.

ಮೊದಲು ಹೋದದ್ದು ಚಿಗಟೇರಿಗೆ. ಅಲ್ಲಿನ ಹೊಲಿಗೆ ಸಂಘದ ದ್ಯಾಮಕ್ಕನಿಗೆ ಬಲಗಣ್ಣು ಮಂಜು. "ನಿಮಗ ಇದು ಹೆಂಗ ಕಾಣಬೇಕು ಹೇಳ್ರಿ," ಎಂದು ಪಂಪಮ್ಮ ಕೇಳಿದಳು. ಈವರೆಗೆ ಆ ಮಾತನ್ನು ದ್ಯಾಮಕ್ಕನಿಗೆ ಯಾರೂ ಕೇಳಿರಲಿಲ್ಲ. ಇಬ್ಬರೂ ಮೂರು ತಾಸು ಕೂತರು. ಹಿನ್ನೆಲೆ ಹಳದಿಯಾಯಿತು, ಅಕ್ಷರ ದಪ್ಪಗಾಯಿತು, ರವಿಕೆಯ ಅಳತೆಗಳ ಕಡತಕ್ಕೆ ಕತ್ತರಿಯ ಚಿತ್ರ ಬಂತು. ಪಂಪಮ್ಮ ಮಾಡಿಕೊಟ್ಟು ಎದ್ದು ಬರಲಿಲ್ಲ. ದ್ಯಾಮಕ್ಕನ ಕೈಯಲ್ಲೇ ಎಲ್ಲವನ್ನೂ ಕೆಡವಿಸಿ ಮತ್ತೆ ಕಟ್ಟಿಸಿದಳು.

"ಇನ್ನ ಕೊಟ್ಟೂರಿಗೆ ಫೋನ್ ಮಾಡದು ಬ್ಯಾಡೇನು?" ಎಂದಳು ದ್ಯಾಮಕ್ಕ.

"ಯಾಕ ಬೇಕ್ರಿ? ನಿಮಗಾ ಬಂತಲ್ಲ."

ಆ ಮಾತು ಹೇಳುವಾಗ ಪಂಪಮ್ಮನಿಗೆ ಆದ ಸುಖ ಕಲಿಸಿದ ಸುಖವಷ್ಟೇ ಅಲ್ಲ. ಬಸ್ಸಿನಲ್ಲಿ ಕೂತು ಪಟ್ಟಿಯ ಮೊದಲ ಹೆಸರಿನ ಮೇಲೆ ಗೀಟು ಎಳೆದಳು. ಕಾಗದ ಹರಿಯುವಷ್ಟು ಒತ್ತಿ ಎಳೆದಳು.

ಹೀಗೆ ಏಳು ಊರು ಮುಗಿದವು. ಹೊಳಲಿನ ಗ್ರಂಥಾಲಯದವರು ಹಿನ್ನೆಲೆಗೆ ತಮ್ಮ ಗುಡಿಯ ಅನಂತಶಯನನನ್ನು ಹಾಕಿಕೊಂಡರು. ಅಷ್ಟರಲ್ಲಿ ಗುರುಬಸವರಾಜನಿಗೆ ಸುದ್ದಿ ಮುಟ್ಟಿತು. ಪಂಪಮ್ಮ ಯಂತ್ರದೊಳಗೆ ಏನೋ ಸೇರಿಸಿ ಹೋಗುತ್ತಾಳೆ, ಮಕ್ಕಳ ವಿವರ ಕದಿಯುತ್ತಾಳೆ ಎಂದು ಅವನು ಎಲ್ಲರಿಗೂ ಫೋನ್ ಮಾಡಿದ. ಹಡಗಲಿ ಕಡೆಯ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ಕಲ್ಯಾಣಮ್ಮ ಅವಳನ್ನು ಗೇಟಿನಲ್ಲೇ ತಡೆದರು.

"ನಿನ್ನ ಬಗ್ಗೆ ಕೆಟ್ಟ ಮಾತು ಕೇಳೀನಮ್ಮ. ಒಳಗ ಬಿಡಂಗಿಲ್ಲ."

"ಏನು ಕೇಳೀರಿ ಮೇಡಂ?"

ಕಲ್ಯಾಣಮ್ಮ ಹೇಳಿದರು. ಪಂಪಮ್ಮ ಕೋಪ ನುಂಗಿಕೊಂಡಳು. "ನಾನು ಮಾಡೋದೆಲ್ಲ ತೆರದಾ ಇರ್ತೈತ್ರಿ. ಯಾರ ಮುಂದಾದ್ರೂ ಬಿಚ್ಚಿ ತೋರಸ್ತೀನಿ. ಅವರನ್ನೂ ಕರೀರಿ. ಅವರು ಮಾಡಿದ್ದು ಅವರು ಬಿಚ್ಚಿ ತೋರಸ್ಲಿ."

ಅದು ಕಲ್ಯಾಣಮ್ಮನಿಗೆ ನ್ಯಾಯವೆನಿಸಿತು. ಮುಂದಿನ ಶನಿವಾರ ಹರಪನಹಳ್ಳಿಯಲ್ಲಿ ಹತ್ತಾರು ಶಾಲೆಯವರು, ಸಂಘದವರು ಕಂಪ್ಯೂಟರ್ ವಿಷಯ ಮಾತಾಡಲು ಸೇರುವವರಿದ್ದರು. ಇಬ್ಬರನ್ನೂ ಅಲ್ಲಿಗೆ ಬರಹೇಳಿದರು.

ಗುರುಬಸವರಾಜ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ಪರದೆಯ ಮೇಲೆ ಕಂಬಳಿ ಮೂಡಿತು. ಅಜ್ಜಿಯ ಕಥೆಯನ್ನು ಮತ್ತೆ ಹೇಳಿದ. ಈ ಸಲ ಅಜ್ಜಿ ಜಾನಪದ ಹಾಡನ್ನೂ ಹಾಡುತ್ತಿದ್ದಳು. ಪಂಪಮ್ಮ ಮುಂದಿನ ಸಾಲಿನಲ್ಲಿ ಅವನ ಎದುರಿಗೇ ಕೂತಿದ್ದಳು.

ಕಲ್ಯಾಣಮ್ಮ ಎದ್ದು, "ಅಕ್ಷರ ಸಣ್ಣವು ಅದಾವ್ರಿ. ಹಿಂದಿನ ಬೆಂಚಿಗೆ ಕಾಣಂಗಿಲ್ಲ. ಸ್ವಲ್ಪ ದೊಡ್ಡವು ಮಾಡ್ರಿ," ಎಂದರು.

ಅವನು ಗಾತ್ರ ಹೆಚ್ಚಿಸಿದ. ಅಕ್ಷರಗಳೇನೋ ದೊಡ್ಡವಾದವು, ಆದರೆ ಒತ್ತುಗಳೆಲ್ಲ ಕತ್ತರಿಸಿ ಹೋದವು. 'ಕನ್ನಡ' ಇದ್ದದ್ದು 'ಕನಡ' ಆಯಿತು, 'ಪುಸ್ತಕ' ಇದ್ದದ್ದು 'ಪುಸಕ' ಆಯಿತು. ಹಿಂದಿನ ಸಾಲಿನಲ್ಲಿ ಯಾರೋ 'ಪುಸಕ' ಎಂದು ಗಟ್ಟಿಯಾಗಿ ಓದಿದರು. ಸಭೆ ನಕ್ಕಿತು. ಅವನು ಇನ್ನೇನನ್ನೋ ಒತ್ತಿದ; ಎಡಗಡೆಯ ಪಟ್ಟಿಯೇ ಮಾಯವಾಯಿತು. ಹಳೆಯದಕ್ಕೆ ಮರಳಲು ಹೋದ, ದಾರಿ ಸಿಗಲಿಲ್ಲ. ಅರುಣಕುಮಾರನಿಗೆ ಫೋನ್ ಹಚ್ಚಿದ, ಅವನು ಎತ್ತಲಿಲ್ಲ. ಹತ್ತು ನಿಮಿಷ ಹೀಗೇ ನಡೆಯಿತು. ಬಿಳಿ ಅಂಗಿಯ ಬೆನ್ನು ಒದ್ದೆಯಾದದ್ದನ್ನು ಪಂಪಮ್ಮ ಕಣ್ಣು ಮಿಟುಕಿಸದೆ ನೋಡಿದಳು. ಬೇಗ ಮುಗಿಯಬಾರದು ಎಂದು ಅವಳಿಗೆ ಆಸೆಯಾಯಿತು.

ಕೊನೆಗೆ ಅವನು ಮೈಕನ್ನು ಕೆಳಗಿಳಿಸಿ, ತಗ್ಗಿದ ದನಿಯಲ್ಲಿ ಕರೆದ. "ಪಂಪಮ್ಮ, ಸ್ವಲ್ಪ ಬಾರಮ್ಮ ಇಲ್ಲಿ."

"ಯಾಕ್ರಿ ಸರ್? ನೀವಾ ಕುಂತು ಮಾಡೀರಲ್ಲ."

"ಜನ ಅದಾರ ನೋಡು. ಮರ್ಯಾದಿ ಪ್ರಶ್ನಿ."

"ಜನ ಅದಾರಂತನಾ ಕೇಳ್ತೀನಿ. ಆ ಕಂಬಳಿ ಯಾರದು? ಮೈಕ್‌ನ್ಯಾಗ ಹೇಳ್ರಿ."

ಹತ್ತಿರದವರಿಗೆಲ್ಲ ಅದು ಕೇಳಿಸಿತ್ತು. ಕಲ್ಯಾಣಮ್ಮ ಕನ್ನಡಕ ಸರಿ ಮಾಡಿಕೊಂಡು, "ಹೇಳ್ರಿ ಮತ್ತ, ಯಾರದು?" ಎಂದರು. ಗುರುಬಸವರಾಜ ಬಾಗಿಲ ಕಡೆ ನೋಡಿದ. ಆಮೇಲೆ ಮೈಕನ್ನು ಬಾಯಿಗೆ ತಂದು, "ಗಾದೆಮ್ಮೋರದು," ಎಂದ. "ಪಂಪಮ್ಮನ ತಾಯಿ ನೂತಿದ್ದು. ಚೌಡಣ್ಣೋರು ನೇದಿದ್ದು. ಇದೆಲ್ಲಾ ಪಂಪಮ್ಮ ಮಾಡಿದ್ದು."

ಪಂಪಮ್ಮ ಎದ್ದು ಹೋಗಿ, ಥೀಮಿನ ಕಡತ ತೆರೆದು, ಯಾವ ಸಾಲು ಯಾಕೆ ಎಂದು ಸಭೆಗೆ ಬಿಡಿಸಿ ಹೇಳಿದಳು. ಎರಡು ಅಂಕಿ ಬದಲಿಸಿದಾಗ ಒತ್ತಕ್ಷರಗಳು ಪೂರ್ತಿಯಾಗಿ ಬಂದು ನಿಂತವು. ಅಷ್ಟು ಹೊತ್ತಿಗೆ ಗುರುಬಸವರಾಜ ಅಲ್ಲಿರಲಿಲ್ಲ.

ವಿಷಯ ಕೇಳಿ ಗಾದೆಮ್ಮ ಕಣ್ಣೊರೆಸಿಕೊಂಡಳು. "ನಿಮ್ಮಪ್ಪನ ಹೆಸರು ಹೇಳಿದ್ನಾ? ಸಾಕು ಬಿಡು. ಅವಂಗೂ ಹೆಣ್ತಿ ಮಕ್ಕಳದಾರ."

"ನನಗ ಸಾಕಾಗಿಲ್ಲವ್ವ," ಎಂದಳು ಪಂಪಮ್ಮ. "ಸಿಕ್ಕಿಬಿದ್ದ ಮ್ಯಾಲೆ ಹೇಳ್ಯಾನ. ಅದು ಲೆಕ್ಕಕ್ಕಿಲ್ಲ."

ಅವಳು ನಿಲ್ಲಿಸಲಿಲ್ಲ. ಉಳಿದ ಹದಿನಾರು ಊರುಗಳಿಗೂ ಹೋದಳು. ಈಗ ಎಲ್ಲೂ ಗೇಟು ಮುಚ್ಚಿರಲಿಲ್ಲ. ಕರೆದು ಕೂರಿಸಿ ಚಹಾ ಕೊಡುತ್ತಿದ್ದರು. ಪ್ರತಿ ಊರಿನಲ್ಲೂ ಜನ ತಮ್ಮ ಪರದೆಯನ್ನು ತಾವೇ ತಿದ್ದಿಕೊಳ್ಳಲು ಕಲಿತರು, ಪ್ರತಿ ಊರಿನಿಂದಲೂ ಕೊಟ್ಟೂರಿಗೆ ಹೋಗುವ ಫೋನ್ ನಿಂತಿತು. ಎಂಟು ತಿಂಗಳಿಗೆ ಕೇಂದ್ರದ ಬಾಗಿಲು ಮುಚ್ಚಿತು. ಗುರುಬಸವರಾಜ ಅಣ್ಣನ ಸಿಮೆಂಟಿನ ಅಂಗಡಿಯಲ್ಲಿ ಕೂರತೊಡಗಿದನಂತೆ. ಮುಚ್ಚಿದ ಶಟರನ್ನು ನೋಡುವುದಕ್ಕೆಂದೇ ಪಂಪಮ್ಮ ಒಂದು ದಿನ ಕೊಟ್ಟೂರಿಗೆ ಹೋದಳು. ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ತೆಗೆದುಕೊಂಡು, ಶಟರ್ ಕಾಣುವ ಹಾಗೆ ಕೂತು, ನಿಧಾನವಾಗಿ ತಿಂದಳು. ಆರು ವರ್ಷದಲ್ಲಿ ಅಲ್ಲಿನ ಮಿರ್ಚಿ ಅಷ್ಟು ರುಚಿಯಾಗಿ ಅವಳಿಗೆ ಎಂದೂ ಅನಿಸಿರಲಿಲ್ಲ.

ಕೈ ತೊಳೆದು ಬರುವಾಗ ಅರುಣಕುಮಾರ್ ಎದುರಾದ. ಗಡ್ಡ ಬಿಟ್ಟಿದ್ದ.

"ನಿನ್ನ ಸಿಟ್ಟಿಗೆ ನನ್ನ ಕೆಲಸಾನೂ ಹೋತು ಪಂಪಮ್ಮ. ನಾನೇನು ಮಾಡಿದ್ದೆ ನಿನಗ?"

ಆ ಪ್ರಶ್ನೆಯನ್ನು ಅವಳೂ ತನ್ನೊಳಗೆ ಕೇಳಿಕೊಂಡಿದ್ದಳು. ಅದಕ್ಕಿಂತ ಮೊದಲು ಅವಳಿಗೆ ಗೊತ್ತಾಗಬೇಕಾದ ಒಂದು ವಿಷಯವಿತ್ತು.

"ಸರ್‌ಗೆ ಆ ಕಡತ ತೆರಿಯಾಕ ಬರ್ತಿದ್ದಿಲ್ಲ ಅಣ್ಣ. ನಮ್ಮ ಮೂರೂ ಮಂದಿ ಹೆಸರು ಅಳಸಿದ ಕೈ ಯಾರದು?"

ಅರುಣಕುಮಾರ್ ರಸ್ತೆ ನೋಡಿದ. "ನಂದಾ," ಎಂದ. "ಅಳಸು ಅಂದ್ರು, ಅಳಸಿದೆ. ಹರಪನಹಳ್ಳಿ ಸಭಿ ದಿನ ಅದಕ್ಕಾ ಫೋನ್ ಎತ್ತಲಿಲ್ಲ ನಾನು."

ಹೋಟೆಲಿನವನು ಮಿರ್ಚಿಯ ಎರಡನೆಯ ಘಾಣ ಬಾಣಲೆಗೆ ಬಿಟ್ಟ.

"ಹಲವಾಗಲು ಶಾಲ್ಯಾಗ ಮಕ್ಕಳಿಗೆ ಕಲಸೋರು ಬೇಕಂತ," ಎಂದಳು ಕೊನೆಗೆ. "ಸೋಮವಾರ ಹೋಗಿ ಕೇಳು. ನಾನು ಕಳಸಿದ್ದು ಅಂತ ಹೇಳಬ್ಯಾಡ."

"ಯಾಕ?"

"ನಾಳೆ ಅವರು ನಿನ್ನ ಬಗ್ಗೆ ಕೇಳಿದ್ರ, ಒಳ್ಳೇ ಮಾತು ಹೇಳಾಕ ನನ್ನಿಂದ ಆಗಂಗಿಲ್ಲ."

ಅವನು ಆಗಲಿ ಎಂಬಂತೆ ತಲೆ ಆಡಿಸಿ ಹೋದ. ಕೂಡ್ಲಿಗಿಯ ಬಸ್ಸು ಬಂತು. ಸಂತೆ ಮುಗಿಸಿದ ಹೆಂಗಸರು ಗಂಟುಮೂಟೆಗಳೊಡನೆ ಹತ್ತಿದರು. ಪಂಪಮ್ಮನಿಗೆ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತೇ ಊರಿಗೆ ಹೋದಳು.