ಮುಳುಗದ ಪಾಸ್ಯಾಂತ್

ನಾಲ್ಕನೆಯ ಬಾಗಿಲನ್ನು ಅಜೆನೋರ್ ಮುಷ್ಟಿ ಕಟ್ಟಿಯೇ ಗುದ್ದಿದಳು. ರಿವಾಲ್ ಒಳಗಿದ್ದಾನೆಂದು ಅವಳಿಗೆ ಗೊತ್ತಿತ್ತು. ಅವನ ಮರದ ಪಾದರಕ್ಷೆಗಳು ಹೊಸ್ತಿಲಲ್ಲೇ ಇದ್ದವು.

"ರಿವಾಲ್ ಮಾವ, ಒಂದು ಹೆಗಲು ಕೊಡು. ಇಗರ್ಜಿ ತನಕ ಸಾಕು. ಮಧ್ಯಾಹ್ನದ ಹೊತ್ತಿಗೆ ಪಾದ್ರಿಗಳು ದೋಣಿ ಹತ್ತಿ ಬ್ರೆಸ್ತ್‌ಗೆ ಹೋಗ್ತಾರೆ. ಮತ್ತೆ ಬರೋದು ಭಾನುವಾರ. ಅಲ್ಲೀವರೆಗೆ ಅಪ್ಪನ್ನ ಇಟ್ಕೊಳ್ಳೋಕಾಗಲ್ಲ."

ಬಾಗಿಲು ಒಂದು ಗೇಣು ತೆರೆಯಿತು. ರಿವಾಲ್ ಮೀನಿಗೆ ಉಪ್ಪು ಹಾಕುತ್ತಿದ್ದ. ಮೊಣಕೈವರೆಗೂ ಬೆಳ್ಳಗಾಗಿದ್ದ.

"ನಿಮ್ಮಪ್ಪನ್ನ ಹೊರೋಕೆ ನನ್ನ ತಮ್ಮನ್ನ ಕರಿ," ಎಂದ. "ಪ್ಲಿಮತ್‌ನ ಕೆಸರಲ್ಲಿ ಮಲಗಿದಾನೆ. ಹೋಗಿ ಎಬ್ಬಿಸು."

ಬಾಗಿಲು ಮುಚ್ಚಿತು. ಕಾಮರೆ ಎಂಬ ಆ ಮೀನುಗಾರರ ಊರಿನ ಇಳಿಜಾರು ಬೀದಿಯಲ್ಲಿ ಇನ್ನು ಕೇಳುವುದಕ್ಕೆ ಮನೆಗಳೇ ಉಳಿದಿರಲಿಲ್ಲ.

ಮನೆಯಲ್ಲಿ ಶವಪೆಟ್ಟಿಗೆಯ ಪಕ್ಕ ಅಪ್ಪನ ಹಳೆಯ ಜೊತೆಗಾರ ಲೋಯಿಜ್ ಒಬ್ಬನೇ ಕುಳಿತಿದ್ದ. ಊರುಗೋಲು ಗೋಡೆಗೆ ಒರಗಿತ್ತು.

"ಎಷ್ಟು ಜನ ಸಿಕ್ರು?"

"ಯಾರೂ ಇಲ್ಲ."

"ಯಾಕೆ, ನಾನಿಲ್ವಾ? ಒಂದೂವರೆ ಕಾಲು. ನಿಮ್ಮಪ್ಪ ಗುಂಡಿವರೆಗೂ ಕುಂಟ್ಕೊಂಡೇ ಬರ್ಬೇಕಾಗುತ್ತೆ, ಅಷ್ಟೇ."

ಅಜೆನೋರ್ ನಕ್ಕಳು. ನಗು ಅರ್ಧಕ್ಕೇ ಕೆಟ್ಟು ಅಳುವಾಯಿತು. ಮುಖಕ್ಕೆ ಏಪ್ರನ್ ಒತ್ತಿಕೊಂಡು ಗೋಡೆಯತ್ತ ತಿರುಗಿದಳು.

*

‘ಪಾಸ್ಯಾಂತ್’ ಎಂದರೆ ತಾಳ್ಮೆಯವಳು. ನಲವತ್ತು ಫಿರಂಗಿಗಳ ಯುದ್ಧನೌಕೆ. ಬ್ರೆಸ್ತ್ ಬಂದರಿನ ಕಟ್ಟೆಯಲ್ಲಿ ಅವಳನ್ನು ಕಟ್ಟುವಾಗ ಅಜೆನೋರ್‌ಳ ಅಪ್ಪ ಗೌಲ್ವೆನ್‌ಗೆ ಇಪ್ಪತ್ತೆರಡು ವರ್ಷ. ಹಲಗೆಗಳ ಸಂದಿಗೆ ಸೆಣಬಿನ ನಾರು ಜಡಿದು, ಮೇಲೆ ಕುದಿಯುವ ರಾಳ ಬಳಿಯುವುದು ಅವನ ಕೆಲಸ. ಅವಳು ನೀರಿಗಿಳಿದಾಗ ಅವನೂ ಹತ್ತಿದ. ಹದಿಮೂರು ವರ್ಷ, ಸಾಗರದಾಚೆಯ ಕಬ್ಬು ಬೆಳೆಯುವ ದ್ವೀಪಗಳಿಗೆ ಹೋಗಿ ಬಂದರೂ, ಬಿರುಗಾಳಿಗೆ ಎರಡು ಸಲ ಪಟಕಂಬ ಮುರಿದರೂ, ಹಡಗಿನ ಹೊಟ್ಟೆಯೊಳಗೆ ಅವನ ಸುತ್ತಿಗೆಯ ಸದ್ದು ನಿಲ್ಲಲಿಲ್ಲ.

ಇಂಗ್ಲಿಷರ ಎರಡು ಹಡಗುಗಳು ಅವಳನ್ನು ಸುತ್ತಿಕೊಂಡ ದಿನ ಕಪ್ತಾನ ಬೆಳಿಗ್ಗೆಯೇ ಸತ್ತ. ಉಳಿದ ಅಧಿಕಾರಿ, ಹಡಗು ಶತ್ರುವಿನ ಕೈಗೆ ಸಿಗಬಾರದು, ತಳ ಒಡೆದು ಮುಳುಗಿಸಿ, ಕಾಲಿದ್ದವರು ದೋಣಿ ಹತ್ತಿ ಎಂದು ಕೂಗಿದ.

"ಕೆಳಗೆ ಜನ ಇದಾರೆ, ಸ್ವಾಮಿ," ಎಂದ ಗೌಲ್ವೆನ್.

ಕೆಳಗಿನ ಅಟ್ಟದಲ್ಲಿ ನೂರ ಹನ್ನೆರಡು ಗಾಯಾಳುಗಳಿದ್ದರು. ನೀರು ಆಗಲೇ ಮೊಣಕಾಲು ಮುಟ್ಟಿತ್ತು. ಅಧಿಕಾರಿಯ ದೋಣಿ ದೂರವಾಯಿತು. ಗೌಲ್ವೆನ್ ಕೆಳಗಿಳಿದು, ಗುಂಡು ತೂರಿದ ತೂತುಗಳಿಗೆ ಸತ್ತವರ ಅಂಗಿ, ಹಾಸಿಗೆಯ ಬಟ್ಟೆ, ಕೊಬ್ಬು, ಸಿಕ್ಕಿದ್ದನ್ನೆಲ್ಲ ಜಡಿದ. ಸಂಜೆ ಇಂಗ್ಲಿಷರು ಹತ್ತಿದಾಗಲೂ ಜಡಿಯುತ್ತಲೇ ಇದ್ದ.

ಹಡಗು ಉಳಿಯಿತು. ಅವರು ಪ್ಲಿಮತ್‌ಗೆ ಎಳೆದೊಯ್ದರು. ಪಟಕಂಬ ಕಡಿದು, ಕಿಟಕಿಗಳಿಗೆ ಕಬ್ಬಿಣ ಬಡಿದು, ಅವಳನ್ನೇ ಜೈಲು ಮಾಡಿದರು. ಬದುಕುಳಿದವರನ್ನೂ ಬೇರೆ ಹಡಗುಗಳ ಸೆರೆಯಾಳುಗಳನ್ನೂ ಅದರೊಳಗೇ ತುಂಬಿದರು. ಒಂಬತ್ತು ವರ್ಷ. ಕಾಮರೆಯ ಹತ್ತೊಂಬತ್ತು ಗಂಡಸರಲ್ಲಿ ಮರಳಿ ಬಂದವರು ಇಬ್ಬರು, ಗೌಲ್ವೆನ್ ಮತ್ತು ಲೋಯಿಜ್. ಉಳಿದವರನ್ನು ಜ್ವರ ತಿಂದಿತು.

*

ಬಾಗಿಲಲ್ಲಿ ನೆರಳು ಬಿತ್ತು. ಮಹಾರಿತ್ ನಿಂತಿದ್ದಳು. ಅವಳ ಒಬ್ಬನೇ ಮಗ ಯಾನಿಗ್ ಆ ಜೈಲುಹಡಗಿನಲ್ಲಿ ಆರನೆಯ ವರ್ಷ ಸತ್ತಿದ್ದ. ಗೌಲ್ವೆನ್ ಊರಿಗೆ ಬಂದ ಎರಡು ವರ್ಷವೂ ಬೀದಿಯಲ್ಲಿ ಅವನು ಎದುರಾದಾಗಲೆಲ್ಲ ಅವಳು ಉಗುಳಿದ್ದಳು.

"ಉಗುಳೋಕೆ ಬಂದ್ಯಾ, ಅತ್ತೆ?" ಎಂದಳು ಅಜೆನೋರ್. "ಉಗುಳು. ಒರೆಸ್ಕೊಳ್ಳೋಕೆ ಅವನಿಗೆ ಕೈಯಿಲ್ಲ ಈಗ."

"ಸತ್ತಿದ್ದು ನಿಜಾನಾ ಅಂತ ನೋಡೋಕೆ ಬಂದೆ." ಮುದುಕಿ ಪೆಟ್ಟಿಗೆಯ ಹತ್ತಿರ ಬಂದಳು. "ನನ್ನ ಮಗ ಸಮುದ್ರದಲ್ಲಿ ಒಂದು ಗಳಿಗೇಲಿ ಹೋಗ್ತಿದ್ದ. ಇವನು ಆರು ವರ್ಷ ಕೊಳೆಸಿದ."

"ಅತ್ತೆ, ಬಾಯ್ಮುಚ್ಚು," ಎಂದ ಲೋಯಿಜ್.

"ಯಾಕೆ ಮುಚ್ಲಿ? ಅದೇ ಜೈಲಿಗೆ ಇಂಗ್ಲಿಷರು ಹೇಳಿದಾಗೆಲ್ಲ ನಾರು ಜಡಿದನಂತಲ್ಲ? ಇಲ್ಲ ಅನ್ನು."

"ಜಡಿದ." ಲೋಯಿಜ್ ಊರುಗೋಲಿಗೆ ಕೈಚಾಚಿ ಎದ್ದ. "ಹೇಳಲ್ಲ ಅಂತ ಇವನಿಗೆ ಆಣೆ ಮಾಡಿದ್ದೆ. ಹೇಳ್ತೀನಿ, ದೇವರು ಏನು ಬೇಕಾದ್ರೂ ಮಾಡ್ಲಿ. ಜ್ವರ ಏರಿದಾಗ ನಿನ್ನ ಮಗ ಇವನ ಕಾಲು ಹಿಡ್ಕೊಂಡ. ‘ಯಾವ ಹಲಗೆ ಸಡಿಲ ಅಂತ ನಿಂಗೊತ್ತು, ಕಿತ್ತಾಕು, ಎಲ್ಲರೂ ಮುಗಿದುಹೋಗ್ಲಿ’ ಅಂದ. ದಿನಾ ಅಂದ. ಒಂದಿನ ಗೌಲ್ವೆನ್ ಸುತ್ತಿಗೆ ಹಿಡ್ಕೊಂಡು ಕೆಳಗಿಳಿದ. ನಾನೂ ಹಿಂದೆ ಹೋದೆ. ಆ ಹಲಗೆ ಮುಂದೆ ನಿಂತ. ಎಷ್ಟೋ ಹೊತ್ತು ನಿಂತ. ಮೇಲೆ ಐನೂರು ಜನ ಕೆಮ್ಮೋದು ಕೇಳಿಸ್ತಿತ್ತು. ಆಮೇಲೆ ಕೂತ್ಕೊಂಡು, ಅಳ್ತಾ ಅಳ್ತಾ, ಹೊಸ ನಾರು ತುಂಬಿದ."

ಅಜೆನೋರ್‌ಗೆ ಇದು ಗೊತ್ತಿರಲಿಲ್ಲ. ಎರಡು ವರ್ಷ ಅಪ್ಪ ಒಲೆಯ ಮುಂದೆ ಕೂತು ಅವಳು ಕೊಟ್ಟ ಗಂಜಿ ಕುಡಿದಿದ್ದ. ಹಡಗಿನ ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದ.

"ನಂಗ್ಯಾಕೆ ಹೇಳ್ಲಿಲ್ಲ?" ಎಂದಳು ಮಹಾರಿತ್.

"ಸಾವು ಬೇಡೋದು ಪಾಪ. ಮಗ ಪಾಪ ಮಾಡ್ಕೊಂಡು ಸತ್ತ ಅಂತ ತಾಯಿಗೆ ಗೊತ್ತಾಗೋದು ಬೇಡ, ನನ್ನನ್ನೇ ಬೈಕೊಳ್ಳಲಿ ಅಂದ."

ಇಗರ್ಜಿಯಲ್ಲಿ ಶವಸಂಸ್ಕಾರದ ಗಂಟೆ ಮೊಳಗತೊಡಗಿತು. ಮುದುಕಿ ಪೆಟ್ಟಿಗೆಯ ಮೇಲೆ ಅಂಗೈ ಊರಿದಳು.

"ಕೊನೇಲಿ ಏನಂದ ನನ್ನ ಯಾನಿಗ್?"

"ಇವನ್ನ ಬೈದ. ಬೈತಾ ಬೈತಾನೇ ಹೋದ. ಇವನು ತಲೇನ ತೊಡೆ ಮೇಲಿಟ್ಕೊಂಡು ಎಲ್ಲಾ ಕೇಳಿಸ್ಕೊಂಡ."

"ಬೈಯೋಷ್ಟು ಶಕ್ತಿ ಇತ್ತಲ್ಲ," ಎಂದಳು ಮಹಾರಿತ್. ಶಾಲನ್ನು ಸೊಂಟಕ್ಕೆ ಬಿಗಿದಳು. "ಎತ್ತು ಹುಡುಗಿ. ಮುಂದಿನ ತುದಿ ನೀನು ಹಿಡಿ. ಕ್ಷಮಿಸಿದೆ ಅಂದ್ಕೋಬೇಡ."

ಮೂವರೂ ಎತ್ತಿದರು. ಮುಂದೆ ಅಜೆನೋರ್, ಹಿಂದೆ ಒಂದು ಬದಿಗೆ ಮುದುಕಿ, ಇನ್ನೊಂದು ಬದಿಗೆ ಊರುಗೋಲೂರುತ್ತ ಲೋಯಿಜ್. ಪೆಟ್ಟಿಗೆ ಒಂದು ಕಡೆಗೆ ವಾಲಿತು. ಬೀದಿಯ ಕಿಟಕಿಗಳಲ್ಲಿ ಮುಖಗಳಿದ್ದವು. ಯಾರೂ ಹೊರಗೆ ಬರಲಿಲ್ಲ. ಹತ್ತು ಹೆಜ್ಜೆಗೆ ಇಳಿಸಿದರು, ಮತ್ತೆ ಎಂಟಕ್ಕೆ, ಮತ್ತೆ ಐದಕ್ಕೆ. ಅಜೆನೋರ್‌ಳ ಅಂಗೈ ಸುಲಿದು ರಕ್ತ ಬಂತು. ಗುಡ್ಡದ ತುದಿಯ ಇಗರ್ಜಿ ಹತ್ತಿರವಾಗಲೇ ಇಲ್ಲ.

ರಿವಾಲ್‌ನ ಮನೆಯ ಮುಂದೆ ಗಂಟೆ ನಿಂತಿತು.

"ಅತ್ತೆ, ಪಾದ್ರಿಗಳು ಹೊರಟುಬಿಡ್ತಾರೆ," ಅಜೆನೋರ್ ಅವಳ ತೋಳು ಹಿಡಿದೆಳೆದಳು. "ಅತ್ತೆ, ಏಳು."

ಮಹಾರಿತ್‌ಳ ಎದೆ ಏದುಸಿರಿಗೆ ಏರಿಳಿಯುತ್ತಿತ್ತು. ಅವಳು ಶವಪೆಟ್ಟಿಗೆಯ ಮೇಲೆಯೇ ಕೂತುಬಿಟ್ಟಿದ್ದಳು, ಎರಡೂ ಕೈಗಳಿಂದ ಅದರ ಅಂಚು ಹಿಡಿದು, ನಡುಬೀದಿಯಲ್ಲಿ, ರಿವಾಲ್‌ನ ಮುಚ್ಚಿದ ಬಾಗಿಲಿಗೆ ಮುಖ ಮಾಡಿ. ಅವಳು ಎಷ್ಟು ಕುಳ್ಳಗಿದ್ದಳೆಂದರೆ ಹಿಮ್ಮಡಿಗಳು ನೆಲಕ್ಕೆ ತಾಗುತ್ತಿರಲಿಲ್ಲ.