ಯಾವ ಕಪಾಟಿನ ಕಥೆ

ಮಕ್ಕಳ ಗ್ರಂಥಾಲಯದ ಲೈಬ್ರೇರಿಯನ್ ಅಂದರೆ ಸಾಮಾನ್ಯ ಹೆಂಗಸೇ? ಕಥೆಗಳ ವಿಷಯದಲ್ಲಿ ಅವಳು ಹೇಳಿದ್ದೇ ಕೊನೆ ಮಾತು. ಶನಿವಾರ ಮಕ್ಕಳು ಒಬ್ಬೊಬ್ಬರಾಗಿ ಸ್ವಂತ ಕಥೆ ಹೇಳಬೇಕು. ಮುಗಿದ ಮೇಲೆ ಅವಳು ಎರಡು ಕಪಾಟುಗಳಲ್ಲಿ ಒಂದರ ಪಕ್ಕ ಹೋಗಿ ನಿಲ್ಲಬೇಕು. ಎಂದಾದರೂ ಆಗಬಹುದಾದದ್ದು ವಿಜ್ಞಾನ ಕಥೆ, ಜಪ್ಪಯ್ಯ ಅಂದರೂ ಆಗದ್ದು ಮಾಯಾ ಕಥೆ. ರಾಕೆಟ್ ಅಲ್ಲಿ, ಹಾರುವ ಚಾಪೆ ಇಲ್ಲಿ. ಅವಳು ನಿಂತಳೆಂದರೆ ಮುಗಿಯಿತು, ತಕರಾರಿಲ್ಲ.

ಆ ಶನಿವಾರ ಕಥೆ ಹೇಳಿದವಳು ಅವಳ ಅಣ್ಣನ ಮಗಳು ಚೂಟಿ. ಹೆಸರಿಗೆ ಚೂಟಿ, ಈಗ ಕೂತಿರುವುದು ಗಾಲಿಕುರ್ಚಿಯಲ್ಲಿ. ಹೋದ ವರ್ಷ ಇದೇ ಅತ್ತೆಯ ಸ್ಕೂಟರಿನಿಂದ ಬಿದ್ದವಳು. ನಾಯಿ ಅಡ್ಡ ಬಂತು ಎಂದು ಅತ್ತೆ ಎಲ್ಲರಿಗೂ ಹೇಳಿದ್ದಳು. ನಾಯಿಯೂ ಇರಲಿಲ್ಲ, ನರಿಯೂ ಇರಲಿಲ್ಲ. ಸ್ಕೂಟರ್ ಓಡಿಸುತ್ತಲೇ ಫೋನ್ ನೋಡುತ್ತಿದ್ದಳು. ಅಂದಿನಿಂದ ಅಣ್ಣ ಊಟಕ್ಕೆ ಕರೆದರೆ ಅವಳು ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದಳು.

“ಒಬ್ಳು ಹುಡುಗಿ ಒಂದು ಯಂತ್ರ ಮಾಡ್ತಾಳೆ. ಅದ್ರಲ್ಲಿ ಕೂತ್ರೆ ಹೋದ ವರ್ಷಕ್ಕೆ ಹೋಗ್ಬಹುದು. ಅವಳು ಅತ್ತೇನ ಕೂರಿಸಿ ಕಳಿಸ್ತಾಳೆ. ಅತ್ತೆ ಸ್ಕೂಟರ್ ಓಡಿಸ್ತಾಳೆ, ಈ ಸಲ ಫೋನ್ ನೋಡಲ್ಲ. ಇಬ್ರೂ ಮನೆ ಸೇರ್ತಾರೆ. ಅಷ್ಟೇ.”

“ಯಂತ್ರ ಇದೆ, ವಿಜ್ಞಾನ!” ಎಂದಿತು ಒಂದು ಮಗು.

“ಹೋದ ದಿನ ಎಲ್ಲಾದ್ರೂ ವಾಪಸ್ ಬರುತ್ತಾ? ಮಾಯೆ!” ಎಂದಿತು ಇನ್ನೊಂದು.

ಮಗಳನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಅಣ್ಣ ನಕ್ಕ. “ಫೋನ್ ಎಲ್ಲಿಂದ ಬಂತೇ? ನಾಯಿ ತಾನೇ ಅಡ್ಡ ಬಂದಿದ್ದು?”

“ಇದು ಕಥೆ ಅಪ್ಪ,” ಎಂದಳು ಚೂಟಿ. ಕಣ್ಣು ಮಾತ್ರ ಅತ್ತೆಯ ಮೇಲಿತ್ತು.

ಅಯ್ಯೋ, ಮಗುವಿಗೆ ಎಲ್ಲಾ ಗೊತ್ತಿದೆ! ಗೊತ್ತಿದ್ದೂ ವರ್ಷವಿಡೀ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಲೈಬ್ರೇರಿಯನ್‌ಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಯಿತು.

“ಯಂತ್ರದ್ದು ಬಿಡು ಅತ್ತೆ,” ಎಂದಳು ಚೂಟಿ ಮೆಲ್ಲಗೆ. “ಅತ್ತೆ ಫೋನ್ ನೋಡಿದ್ದು ಮಾತ್ರ ಹೇಳು. ಅದು ಆಗೋಂಥದ್ದಾ, ಆಗದೇ ಇರೋದಾ?”

ಹೇಳಿಬಿಡೇ, ಹೇಳಿಬಿಡು ಎಂದು ಅತ್ತೆಯ ಜೀವ ಬಡಿದುಕೊಂಡಿತು. ಅಷ್ಟರಲ್ಲಿ ಅಣ್ಣನ ಮುಖ ಕಂಡಿತು. ತಂಗಿಯ ಮೇಲೆ ಪ್ರಾಣ ಇಟ್ಟುಕೊಂಡವನ ನಗುಮುಖ.

“ಆಗದೇ ಇರೋದು,” ಎಂದು ಅವಳು ಹೋಗಿ ಮಾಯಾ ಕಥೆಗಳ ಪಕ್ಕ ನಿಂತಳು.

“ಅತ್ತೆ ಹೇಳಿದ್ಮೇಲೆ ಆಯ್ತಲ್ಲ, ನಡಿ,” ಎಂದ ಅಣ್ಣ.

ಚೂಟಿ ಅಪ್ಪನ ಕೈ ಸರಿಸಿ, ತಾನೇ ಗಾಲಿ ತಿರುಗಿಸಿಕೊಂಡಳು.

“ಬರ್ತೀನಿ ಮೇಡಂ,” ಎಂದಳು.